ಮೂಗು ಕಟ್ಟದೆಯೂ ವಾಸನೆ ಹೋದದ್ದು ಹೇಗೆ?

ಒಗ್ಗರಣೆಗೆ ಇಂಗು ಬಿದ್ದರೂ ಏನೂ ಗೊತ್ತಾಗುತ್ತಿಲ್ಲ ಎಂದು 2020ರಲ್ಲಿ ಎಷ್ಟೋ ಜನ ಗಾಬರಿಯಾದರು. ನೆಗಡಿಯಾಗಿ ಮೂಗು ಕಟ್ಟಿದಾಗ ವಾಸನೆ ತಿಳಿಯದಿರುವುದು ಹೊಸದಲ್ಲ. ಆದರೆ ಇವರಲ್ಲಿ ಅನೇಕರಿಗೆ ಉಸಿರು ಸಲೀಸಾಗಿ ಆಡುತ್ತಿತ್ತು. ವಾಸನೆ ಮಾತ್ರ ಇದ್ದಕ್ಕಿದ್ದಂತೆ ಮಾಯವಾಗಿತ್ತು. ಆ ವರ್ಷದ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದನ್ನೂ ಕೋವಿಡ್ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಫ್ಲೂ ಮತ್ತು ನೆಗಡಿಯ ಕೆಲವು ವೈರಸ್‌ಗಳು ಮೊದಲಿನಿಂದಲೂ ಹೀಗೆ ವಾಸನೆ ಕಸಿಯುತ್ತಿದ್ದವು. ಕೋವಿಡ್ ಬಂದ ಮೇಲೆ ಅದು ಮನೆಮನೆಯ ಮಾತಾಯಿತು.

ವಾಸನೆ ಹಿಡಿಯುವ ಜಾಗ ಹೊಳ್ಳೆಗಳಿಂದ ಬಹಳ ಮೇಲೆ, ಮೂಗಿನ ಚಾವಣಿಯಲ್ಲಿದೆ. ಕೆಲವೇ ಚದರ ಸೆಂಟಿಮೀಟರ್ ವಿಸ್ತಾರದ ಆ ಪೊರೆಯಲ್ಲಿ ಲಕ್ಷಗಟ್ಟಲೆ ನರಕೋಶಗಳಿವೆ. ಗಾಳಿಯಲ್ಲಿ ಬಂದ ಅಣುವನ್ನು ಗುರುತಿಸುವ ಗ್ರಾಹಕಗಳಲ್ಲಿ ಸುಮಾರು 400 ಬಗೆ. ಒಂದೊಂದು ನರಕೋಶ ಒಂದೇ ಬಗೆಯನ್ನು ಧರಿಸಿರುತ್ತದೆ. ಈ ಗ್ರಾಹಕಗಳ ಜೀನ್‌ಗಳನ್ನು 1991ರಲ್ಲಿ ಪತ್ತೆಹಚ್ಚಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಬಂತು.

ವೈರಸ್ ಈ ನರಕೋಶಗಳನ್ನೇ ಕೊಲ್ಲುತ್ತಿರಬೇಕೆಂಬ ಶಂಕೆ ಮೊದಲು ಸಹಜವಾಗಿಯೇ ಮೂಡಿತು. ಆದರೆ ಕೊರೋನಾ ವೈರಸ್ ಒಳನುಗ್ಗಲು ಕೋಶದ ಮೇಲೆ ಎಸಿಇ2 ಎಂಬ ಪ್ರೋಟೀನ್ ಬೇಕು. ಹಾರ್ವರ್ಡ್‌ನ ಸಂಶೋಧಕರು 2020ರಲ್ಲಿ ಹುಡುಕಿದಾಗ ಅದು ವಾಸನೆಯ ನರಕೋಶಗಳಲ್ಲಿ ಕಾಣಲಿಲ್ಲ, ಅವುಗಳ ಪಕ್ಕದ ಆಸರೆ ಕೋಶಗಳಲ್ಲಿ ಇತ್ತು. ನರಕೋಶಕ್ಕೆ ಪೋಷಣೆ ಒದಗಿಸುವುದು, ಸುತ್ತಲಿನ ಲೋಳೆಯ ಲವಣಾಂಶವನ್ನು ಹದದಲ್ಲಿಡುವುದು ಈ ಆಸರೆ ಕೋಶಗಳ ಕೆಲಸ. ನೀರು ಹಾಯಿಸುವವನು ಕಾಯಿಲೆ ಬಿದ್ದರೆ ಪೈರು ಬಾಡುವಂತೆ, ಇವು ಸತ್ತಾಗ ನರಕೋಶಗಳು ಸೋಂಕು ತಗಲದೆಯೇ ಸೊರಗುತ್ತವೆ. ಸೋಂಕು ತಗಲಿಸಿದ ಹ್ಯಾಮ್‌ಸ್ಟರ್‌ಗಳಲ್ಲಿ ಪೊರೆ ಕಳಚಿ, ಅಣುಗಳನ್ನು ಹಿಡಿಯುವ ಸೂಕ್ಷ್ಮ ರೋಮಗಳೂ ಹೋಗಿದ್ದವು.

ಇನ್ನೂ ಬೆರಗಿನ ಸಂಗತಿ 2022ರಲ್ಲಿ ಹೊರಬಂತು. ನರಕೋಶ ತನ್ನ ಗ್ರಾಹಕವನ್ನು ತಯಾರಿಸಬೇಕಾದರೆ, ಬೇರೆ ಬೇರೆ ಕ್ರೋಮೋಸೋಮ್‌ಗಳ ಭಾಗಗಳು ಕೋಶಕೇಂದ್ರದಲ್ಲಿ ಒಟ್ಟುಗೂಡಬೇಕು. ನ್ಯೂಯಾರ್ಕ್‌ನ ವಿಜ್ಞಾನಿಗಳು ಹ್ಯಾಮ್‌ಸ್ಟರ್‌ಗಳಲ್ಲೂ ಕೋವಿಡ್‌ನಿಂದ ಮೃತಪಟ್ಟವರ ಅಂಗಾಂಶದಲ್ಲೂ ಈ ಕೂಟ ಚದುರಿದ್ದನ್ನು ಕಂಡರು. ಗ್ರಾಹಕಗಳ ತಯಾರಿಕೆ ಕುಸಿದಿತ್ತು. ಅಂದರೆ ನರಕೋಶ ಬದುಕಿದ್ದರೂ ಅದು ಕುರುಡಾಗಬಲ್ಲದು.

ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ವಾಸನೆ ಮರಳುತ್ತದೆ. ಪೊರೆಯ ತಳದ ಆಕರಕೋಶಗಳು ಜೀವನವಿಡೀ ಹೊಸ ನರಕೋಶಗಳನ್ನು ಹುಟ್ಟಿಸುತ್ತವೆ. ನಮ್ಮ ನರವ್ಯೂಹದಲ್ಲಿ ಇಂಥ ಭಾಗ್ಯ ಬಹಳ ಅಪರೂಪ. ವಾಸನೆ ಮರಳದವರ ಮೂಗಿನ ಪೊರೆಯ ಚೂರುಗಳನ್ನು ಡ್ಯೂಕ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ, ವೈರಸ್ ಹೋಗಿದ್ದರೂ ರೋಗನಿರೋಧಕ ಟಿ ಕೋಶಗಳು ಅಲ್ಲಿಯೇ ಬೀಡುಬಿಟ್ಟಿದ್ದವು, ನರಕೋಶಗಳು ಕಡಿಮೆಯಾಗಿದ್ದವು.

ಇನ್ನು ಕೆಲವರಿಗೆ ವಾಸನೆ ಮರಳುತ್ತದೆ, ಆದರೆ ಕೆಟ್ಟು ಮರಳುತ್ತದೆ. ಕಾಫಿ, ಹುರಿದ ಈರುಳ್ಳಿ, ಬೆಳ್ಳುಳ್ಳಿ ಕೊಳೆತ ನಾತ ಹೊಡೆಯುತ್ತವೆ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು ಕಾಫಿಯ ಪರಿಮಳವನ್ನು ಬಿಡಿ ಅಣುಗಳಾಗಿ ಬೇರ್ಪಡಿಸಿ ಮೂಸಲು ಕೊಟ್ಟಾಗ, ಗಂಧಕವಿರುವ ಒಂದು ಅಣು ಮುಖ್ಯ ಅಪರಾಧಿಯಾಗಿ ಸಿಕ್ಕಿತು. ಮನೆಯವರೆಲ್ಲ ಸವಿಯುವ ಊಟ ಒಬ್ಬರಿಗೆ ಮಾತ್ರ ವಾಕರಿಕೆ ತರಿಸುವುದು ದೊಡ್ಡ ಸಂಕಟ. ಅದನ್ನು ನಖರಾ ಎಂದು ಗದರುವುದು ಅನ್ಯಾಯ.

ಸದ್ಯಕ್ಕೆ ಖಚಿತ ಔಷಧಿಯಿಲ್ಲ. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಒಂದು ಅಭ್ಯಾಸವಿದೆ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕು ಪರಿಮಳಗಳನ್ನು ದಿನಕ್ಕೆರಡು ಬಾರಿ, 12 ವಾರ, ಗಮನವಿಟ್ಟು ಮೂಸುವುದು. ನಾಲ್ಕೂ ನಮ್ಮೂರ ಅಂಗಡಿಗಳಲ್ಲಿ ಸಿಗುತ್ತವೆ. ಎಲ್ಲರಿಗೂ ಫಲ ಕೊಡದಿದ್ದರೂ ಅಪಾಯವಿಲ್ಲದ ಪ್ರಯತ್ನ. ವಾಸನೆ ಮರಳುವವರೆಗೆ ಅಡುಗೆಮನೆಯಲ್ಲಿ ಎಚ್ಚರ ಬೇಕು. ಎಲ್‌ಪಿಜಿಗೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದು ಈಥೈಲ್ ಮರ್ಕಾಪ್ಟಾನ್ ಎಂಬ ನಾತದ ರಾಸಾಯನಿಕ ಬೆರೆಸಿರುತ್ತಾರೆ. ವಾಸನೆ ಕಳೆದುಕೊಂಡವರು ಒಂಟಿಯಾಗಿದ್ದರೆ ಗ್ಯಾಸ್ ಸೋರಿಕೆ ಸಾರುವ ಅಲಾರಂ ಹಾಕಿಸಿಕೊಳ್ಳಲಿ, ಮಲಗುವ ಮುನ್ನ ರೆಗ್ಯುಲೇಟರ್ ಮುಚ್ಚಲಿ.