ನಿಮಗಿದು ಗೊತ್ತೆ? ಕಲ್ನಾರು ಕಾರ್ಮಿಕರ 40 ವರ್ಷದ ಕಡತ

ಕಲ್ನಾರಿನ (ಆಸ್‌ಬೆಸ್ಟಾಸ್) ದೂಳು ಕುಡಿದವರಿಗೆ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಬಂದರೆ, ಅದು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 20ರಿಂದ 40 ವರ್ಷಗಳ ಬಳಿಕ. ಅಷ್ಟರಲ್ಲಿ ಕಾರ್ಮಿಕ ನಿವೃತ್ತ. ಕಾರ್ಖಾನೆಯೇ ಬಾಗಿಲು ಹಾಕಿರಲೂಬಹುದು. ಪರಿಹಾರ ಕೇಳಲು ಹೋದರೆ ಎದುರಾಗುವ ಪ್ರಶ್ನೆ: ದಾಖಲೆ ಎಲ್ಲಿ?

1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ದಾರಿ ಮಾಡಿತು. ಕಲ್ನಾರು ಉದ್ಯಮಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಿಡಬೇಕೆಂದು ಆದೇಶಿಸಿತು. ಕಾಯಿಲೆ ದೃಢಪಟ್ಟವರಿಗೆ ಅಂದು ಗೊತ್ತುಮಾಡಿದ ಪರಿಹಾರ 1 ಲಕ್ಷ ರೂಪಾಯಿ. ಇಂದಿನ ಆಸ್ಪತ್ರೆ ಖರ್ಚಿಗೆ ಅದು ಯಾವ ಮೂಲೆಗೆ!

ಇಂಥ ಕಡೆ ದುಡಿದವರು ಮನೆಯಲ್ಲಿದ್ದರೆ ಸಂಬಳದ ಚೀಟಿ, ಇಎಸ್‌ಐ ಕಾರ್ಡು, ಹಳೆಯ ಎಕ್ಸ್‌ರೇ ಯಾವುದನ್ನೂ ಎಸೆಯಬೇಡಿ.