25 ಮೀಟರ್ ದೂರದ ನಂಬರ್ ಪ್ಲೇಟ್ ಕಂಡರೆ ಸಾಕೇ? ರಾತ್ರಿ ಡ್ರೈವಿಂಗ್‌ಗೂ ಮುನ್ನ ಕಣ್ಣಿನ ಬಗ್ಗೆ ಇದು ತಿಳಿದಿರಲಿ

ನಾಸಿಕ್/ಛತ್ರಪತಿ ಸಂಭಾಜಿನಗರ: ಶಿರಡಿ, ತ್ರ್ಯಂಬಕೇಶ್ವರ, ಘೃಷ್ಣೇಶ್ವರ, ಎಲ್ಲೋರಾ ಎಂದು ಕರ್ನಾಟಕದಿಂದ ಕಾರು, ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೊರಡುವವರು ಕಡಿಮೆಯಿಲ್ಲ. ಬಹುತೇಕರು ರಾತ್ರಿಯೇ ಪ್ರಯಾಣ ಮುಗಿಸಿ ಬೆಳಗಿನ ದರ್ಶನ ಪಡೆಯಲು ಬಯಸುತ್ತಾರೆ. ಹೊರಡುವ ಮುನ್ನ ಟೈರ್, ಬ್ರೇಕ್, ಹೆಡ್‌ಲೈಟ್ ನೋಡಿಕೊಳ್ಳುತ್ತೇವೆ. ಸ್ಟೇರಿಂಗ್ ಹಿಡಿಯುವವರ ಕಣ್ಣು ಹೇಗಿದೆ ಎಂದು ಕೇಳುವುದು ಅಪರೂಪ.

ಈ ಭಾಗದ ರಸ್ತೆಗಳಲ್ಲಿ ಕತ್ತಲಲ್ಲಿ ನಡೆದ ದುರಂತಗಳು ಹಲವು. 2022ರ ಅಕ್ಟೋಬರ್ 8ರಂದು ಬೆಳಗಿನ ಜಾವ ನಾಸಿಕ್‌ನಲ್ಲಿ ಖಾಸಗಿ ಬಸ್ ಹಾಗೂ ಲಾರಿ ಡಿಕ್ಕಿಯಾಗಿ ಬಸ್ ಹೊತ್ತಿ ಉರಿದು 12 ಮಂದಿ ಮೃತಪಟ್ಟಿದ್ದರು. 2023ರ ಅಕ್ಟೋಬರ್ 15ರಂದು ಮಧ್ಯರಾತ್ರಿಯ ಬಳಿಕ ಸಮೃದ್ಧಿ ಮಹಾಮಾರ್ಗದಲ್ಲಿ, ಸಂಭಾಜಿನಗರ ಜಿಲ್ಲೆಯ ವೈಜಾಪುರ ಬಳಿ ನಾಸಿಕ್‌ಗೆ ಮರಳುತ್ತಿದ್ದ ಯಾತ್ರಿಗಳ ಮಿನಿ ಬಸ್ ಕಂಟೇನರ್‌ಗೆ ಹಿಂದಿನಿಂದ ಗುದ್ದಿ ಮತ್ತೆ 12 ಜನ ಪ್ರಾಣ ಕಳೆದುಕೊಂಡರು. ಇವಕ್ಕೆ ದೃಷ್ಟಿದೋಷವೇ ಕಾರಣ ಎನ್ನಲು ಆಧಾರವಿಲ್ಲ. ಆದರೆ ಕತ್ತಲಲ್ಲಿ, ವೇಗದಲ್ಲಿ ಮುಂದಿನ ವಾಹನ ಎಷ್ಟು ಬೇಗ ಕಾಣುತ್ತದೆ ಎಂಬುದು ಇಂಥ ರಸ್ತೆಯಲ್ಲಿ ಜೀವನ್ಮರಣದ ಪ್ರಶ್ನೆ.

ನಿಯಮ ಏನು ಹೇಳುತ್ತದೆ?

ಚಾಲನಾ ಪರವಾನಗಿಗೆ ಅರ್ಜಿ ಹಾಕುವವರು ಫಾರ್ಮ್ 1ರಲ್ಲಿ ಸ್ವಯಂ ಘೋಷಣೆ ನೀಡಬೇಕು. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಗುರುತಿಸಬಲ್ಲಿರಾ, ಇರುಳುಗಣ್ಣು ಇದೆಯೇ ಎಂಬ ಪ್ರಶ್ನೆಗಳು ಅದರಲ್ಲಿವೆ. ಕನ್ನಡಕ ಹಾಕಿಕೊಂಡು ಓದಿದರೂ ಸರಿ. ಲಾರಿ, ಬಸ್‌ನಂಥ ಸಾರಿಗೆ ವಾಹನ ಓಡಿಸುವವರು ಮತ್ತು 40 ವರ್ಷ ದಾಟಿದವರು ವೈದ್ಯರ ಸಹಿ ಇರುವ ಫಾರ್ಮ್ 1ಎ ಸಲ್ಲಿಸಬೇಕು. ಅಲ್ಪ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರಿಗೂ ಪರವಾನಗಿ ನೀಡಲು 2020ರ ಜೂನ್‌ನಲ್ಲಿ ನಿಯಮ ತಿದ್ದಲಾಯಿತು.

ಕೊರತೆ ಎಲ್ಲಿದೆ?

ಮೊದಲನೆಯದು ಅವಧಿ. 2019ರ ತಿದ್ದುಪಡಿ ಪ್ರಕಾರ 30 ವರ್ಷದೊಳಗೆ ಪಡೆದ ಖಾಸಗಿ ವಾಹನ ಪರವಾನಗಿ 40 ವರ್ಷದವರೆಗೆ ನಡೆಯುತ್ತದೆ. ಅಂದರೆ 18ಕ್ಕೆ ಡಿಎಲ್ ಪಡೆದವರು 22 ವರ್ಷ ನವೀಕರಣಕ್ಕೆ ಹೋಗಬೇಕಿಲ್ಲ. ಅಷ್ಟರಲ್ಲಿ ಕನ್ನಡಕದ ನಂಬರ್ ಎಷ್ಟು ಬಾರಿ ಬದಲಾಗಿರಬಹುದು!

ಎರಡನೆಯದು ವೇಗ. ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನ 25 ಮೀಟರ್ ದಾಟಲು ಒಂದೂವರೆ ಸೆಕೆಂಡ್ ಸಾಕು. ಸಮೃದ್ಧಿ ಮಾರ್ಗದಲ್ಲಿ ಕಾರುಗಳಿಗೆ ಅನುಮತಿ ಇರುವ 120 ಕಿ.ಮೀ. ವೇಗದಲ್ಲಾದರೆ ಮುಕ್ಕಾಲು ಸೆಕೆಂಡ್. ಅಪಾಯ ಕಂಡು ಕಾಲು ಬ್ರೇಕ್‌ಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ, 100 ಕಿ.ಮೀ. ವೇಗದ ಕಾರು ಅಷ್ಟರಲ್ಲೇ 40 ಮೀಟರ್‌ಗೂ ಹೆಚ್ಚು ಮುಂದೆ ಹೋಗಿರುತ್ತದೆ.

ಮೂರನೆಯದು ಕತ್ತಲು. ಪರೀಕ್ಷೆ ಇರುವುದು ಹಗಲಿನ ದೃಷ್ಟಿಗೆ. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಮಸೂರ ಮಂಜಾಗುತ್ತದೆ. 60ರ ಕಣ್ಣಿನ ಒಳಪದರಕ್ಕೆ ತಲುಪುವ ಬೆಳಕು 20ರ ಕಣ್ಣಿಗೆ ಸಿಗುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಪೊರೆ ಬಂದ ಕಣ್ಣಿಗೆ ಎದುರಿನ ಹೈಬೀಮ್ ಚದುರಿ ರಸ್ತೆಯೇ ಮಾಯವಾಗುತ್ತದೆ. ಗ್ಲಾಕೋಮಾ ಸದ್ದಿಲ್ಲದೆ ಪಕ್ಕದ ನೋಟವನ್ನು ಕಿತ್ತುಕೊಳ್ಳುತ್ತದೆ. ಎದುರಿನ ಅಕ್ಷರ ಸ್ಪಷ್ಟವಾಗಿಯೇ ಇರುವುದರಿಂದ ಚಾಲಕನಿಗೆ ಗೊತ್ತೇ ಆಗುವುದಿಲ್ಲ. ಮಧುಮೇಹವೂ ಅಕ್ಷಿಪಟಲವನ್ನು ಹಾಳುಮಾಡಬಲ್ಲದು.

ಇದು ಕೆಲವರ ಸಮಸ್ಯೆಯಷ್ಟೇ ಅಲ್ಲ. ಫೋರ್‌ಸೈಟ್ ಫೌಂಡೇಶನ್ ಹಾಗೂ ಐಐಟಿ ದೆಹಲಿ 2025ರ ಜನವರಿಯಲ್ಲಿ ಬಿಡುಗಡೆ ಮಾಡಿದ ವರದಿಯ ಪ್ರಕಾರ, ತಪಾಸಣೆಗೆ ಒಳಗಾದ ಲಾರಿ ಚಾಲಕರಲ್ಲಿ ಶೇ 55.1ರಷ್ಟು ಮಂದಿಗೆ ದೃಷ್ಟಿದೋಷವಿತ್ತು.

ಪರವಾನಗಿ ರದ್ದಾಗುವುದೇ?

ಕನ್ನಡಕ ಬಂತೆಂದು ಡಿಎಲ್ ಹೋಗುವುದಿಲ್ಲ. ಈ ಭಯದಿಂದ ತಪಾಸಣೆ ತಪ್ಪಿಸಿಕೊಳ್ಳಬೇಕಿಲ್ಲ. ಆದರೆ ಚಾಲಕ ಕಾಯಿಲೆ ಅಥವಾ ಅಂಗವೈಕಲ್ಯದಿಂದ ವಾಹನ ನಡೆಸಲು ಅನರ್ಹ ಎಂದು ನಂಬಲು ಕಾರಣವಿದ್ದರೆ, ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 16ರ ಅಡಿ ಪರವಾನಗಿ ಹಿಂಪಡೆಯುವ ಅಥವಾ ವೈದ್ಯಕೀಯ ಪ್ರಮಾಣಪತ್ರ ಕೇಳುವ ಅಧಿಕಾರ ಪ್ರಾಧಿಕಾರಕ್ಕಿದೆ.

ನೀವು ಏನು ಮಾಡಬಹುದು?

* ರಾತ್ರಿ ಎದುರಿನ ಬೆಳಕಿಗೆ ಕಣ್ಣು ಚೇತರಿಸಿಕೊಳ್ಳಲು ತಡವಾಗುವುದು, ಫಲಕಗಳು ಹತ್ತಿರ ಬಂದ ಮೇಲಷ್ಟೇ ಓದಲು ಸಿಗುವುದು, ಪಕ್ಕದಿಂದ ಬೈಕ್ ದಿಢೀರ್ ಬಂದಂತೆ ಅನಿಸುವುದು ಎಚ್ಚರಿಕೆಯ ಲಕ್ಷಣಗಳು. ನೇತ್ರತಜ್ಞರನ್ನು ಕಾಣಿ.
* 40 ದಾಟಿದವರು ಕಣ್ಣಿನ ಒತ್ತಡವನ್ನೂ ಪರೀಕ್ಷಿಸಿಕೊಳ್ಳಿ. ಮಧುಮೇಹಿಗಳಿಗೆ ವರ್ಷಕ್ಕೊಮ್ಮೆ ಅಕ್ಷಿಪಟಲದ ತಪಾಸಣೆ ಅಗತ್ಯ.
* ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡ ದಿನ ನೋಟ ಸರಿಯಾಗುವವರೆಗೆ ವಾಹನ ಓಡಿಸಬೇಡಿ.
* ರಾತ್ರಿ ಬಣ್ಣದ ಕನ್ನಡಕ ಬೇಡ. ವಿಂಡ್‌ಶೀಲ್ಡ್ ಒಳಗೂ ಹೊರಗೂ ಸ್ವಚ್ಛವಾಗಿರಲಿ.
* ಟೂರ್‌ಗೆ ವಾಹನ ಬಾಡಿಗೆಗೆ ಪಡೆಯುವಾಗ ಚಾಲಕರು ಕಣ್ಣು ಪರೀಕ್ಷೆ ಯಾವಾಗ ಮಾಡಿಸಿದ್ದಾರೆ ಎಂದು ಕೇಳಿ. ನೋಟ ಮಂಜಾಗಿದೆ ಎಂದು ಅವರು ಹೇಳಿದರೆ, ದರ್ಶನ ಅರ್ಧ ದಿನ ತಡವಾದರೂ ಚಿಂತೆಯಿಲ್ಲ, ಬೆಳಕು ಹರಿದ ಮೇಲೆಯೇ ಹೊರಡಿ.