ಹನಿಹನಿಯಾಗಿ ಇನ್ಸುಲಿನ್

ಆರೋಗ್ಯವಂತರ ದೇಹದಲ್ಲಿ ಮೇದೋಜೀರಕ ಗ್ರಂಥಿಯು ಹಗಲಿರುಳೂ ಇನ್ಸುಲಿನ್ನನ್ನು ಸ್ರವಿಸುತ್ತಿರುತ್ತದೆ. ನಾವು ಉಪವಾಸವಿದ್ದಾಗಲೂ, ನಿದ್ರಿಸುತ್ತಿರುವಾಗಲೂ ಅದರ ಸಣ್ಣ ಧಾರೆ ನಿಲ್ಲುವುದಿಲ್ಲ. ಉಂಡೊಡನೆ ಆ ಧಾರೆ ಕೆಲಕಾಲ ದೊಡ್ಡದಾಗುತ್ತದೆ. ಮಧುಮೇಹದ ಮೊದಲನೆಯ ಬಗೆಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳೇ ನಾಶವಾಗುತ್ತವೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಇನ್ಸುಲಿನ್ ಚುಚ್ಚುಮದ್ದಿನ ಪ್ರಯೋಗ ನಡೆದ ಮೇಲೆ ಇಂಥ ರೋಗಿಗಳು ಬದುಕುಳಿಯುವಂತಾಯಿತು. ಆದರೆ ದಿನಕ್ಕೆ ಒಂದೆರಡು ಚುಚ್ಚುಮದ್ದುಗಳಿಂದ ಗ್ರಂಥಿಯ ಎಡೆಬಿಡದ ಧಾರೆಯನ್ನು ಅನುಕರಿಸುವುದು ಸಾಧ್ಯವಾಗಲಿಲ್ಲ. ಇನ್ಸುಲಿನ್ ಸಾಲದೆ ಹೋದರೆ ರಕ್ತದ ಸಕ್ಕರೆ ಏರಿ, ವರ್ಷಗಳು ಕಳೆದಂತೆ ಕಣ್ಣು, ಮೂತ್ರಪಿಂಡ, ನರಗಳು ಕೆಡುತ್ತವೆ. ಹೆಚ್ಚಾದರೆ ಸಕ್ಕರೆ ಕುಸಿದು ರೋಗಿ ನಿದ್ದೆಯಲ್ಲಿಯೇ ಪ್ರಜ್ಞೆ ತಪ್ಪಬಹುದು. ಈ ಎರಡು ಅಪಾಯಗಳ ನಡುವಣ ಇಕ್ಕಟ್ಟಾದ ದಾರಿಯನ್ನು ಅಗಲಗೊಳಿಸಲು ದುಡಿದವರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಪ್ರಾಧ್ಯಾಪಕರಾಗಿದ್ದ ಜಾನ್ ಪಿಕಪ್ ಪ್ರಮುಖರು.

1970ರ ದಶಕದಲ್ಲಿ ಯಂತ್ರದ ಮೂಲಕ ಇನ್ಸುಲಿನ್ ಕೊಡುವ ಪ್ರಯತ್ನಗಳು ಹೆಚ್ಚಾಗಿ ರಕ್ತನಾಳವನ್ನೇ ಅವಲಂಬಿಸಿದ್ದವು. ರೋಗಿಯು ಮನೆಯಲ್ಲಿದ್ದುಕೊಂಡು ದಿನಗಟ್ಟಲೆ ಅನುಸರಿಸಬಹುದಾದ ಕ್ರಮವಲ್ಲ ಅದು. ಆಗ ತರುಣ ಸಂಶೋಧಕರಾಗಿದ್ದ ಪಿಕಪ್, ಹ್ಯಾರಿ ಕೀನ್ ಮುಂತಾದ ಸಹೋದ್ಯೋಗಿಗಳೊಡನೆ ಸರಳವಾದ ಮತ್ತೊಂದು ಮಾರ್ಗವನ್ನು ಪರೀಕ್ಷಿಸಿದರು. ಬ್ಯಾಟರಿಯಿಂದ ನಡೆಯುವ, ಮೈಮೇಲೆ ಧರಿಸಬಹುದಾದ ಒಂದು ಪುಟ್ಟ ಪಂಪು. ಅದರಿಂದ ಹೊರಟ ತೆಳುವಾದ ಕೊಳವೆ. ಕೊಳವೆಯ ತುದಿಯಲ್ಲಿ ಚರ್ಮದ ಅಡಿಯಲ್ಲಿ ನೆಲೆಸಿದ ಸೂಜಿ. ಪಂಪಿಗೆ ಎರಡು ವೇಗಗಳು: ದಿನವಿಡೀ ನಿಧಾನಗತಿ, ಊಟದ ಹೊತ್ತಿಗೆ ತೀವ್ರಗತಿ. ಗ್ರಂಥಿಯ ಕ್ರಮದ ಅನುಕರಣೆಯೇ ಇದು. ಇದರ ಫಲಿತಾಂಶಗಳು 1978ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದುವು.

ಆದರೆ ಪಂಪಿಗೆ ಕಣ್ಣಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂದು ಅದು ತಾನಾಗಿ ಅರಿಯಲಾರದು. ರೋಗಿಯೇ ಬೆರಳು ಚುಚ್ಚಿ, ನೆತ್ತರು ತೆಗೆದು ಪರೀಕ್ಷಿಸಿಕೊಳ್ಳಬೇಕು. ಇನ್ನೊಂದು ತೊಡಕೂ ಇತ್ತು. ಪಂಪು ಬಳಸುವವರ ದೇಹದಲ್ಲಿ ದೀರ್ಘಕಾಲ ಕೆಲಸಮಾಡುವ ಇನ್ಸುಲಿನ್ನಿನ ದಾಸ್ತಾನಿರುವುದಿಲ್ಲ. ಕೊಳವೆ ಕಟ್ಟಿಕೊಂಡರೆ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಆಮ್ಲ ಹೆಚ್ಚಿ ಪ್ರಾಣಕ್ಕೆ ಸಂಚಕಾರ ಬರಬಹುದು. ಆದುದರಿಂದ ಈ ಸಾಧನವನ್ನು ಸಂಶಯದಿಂದ ನೋಡಿದ ವೈದ್ಯರಿದ್ದರೆ ಅದು ಸಹಜವೇ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡಗಳ ಹಾನಿಯನ್ನು ತಡೆಯಬಹುದೆಂದು 1993ರಲ್ಲಿ ಅಮೆರಿಕ ಮತ್ತು ಕೆನಡಾಗಳ ದೊಡ್ಡ ಅಧ್ಯಯನವೊಂದು ಸ್ಥಾಪಿಸಿತು. ಆದರೆ ಬಿಗಿಯಾದ ಹತೋಟಿಯಿಂದ ಸಕ್ಕರೆ ತೀವ್ರವಾಗಿ ಕುಸಿಯುವ ಸಂದರ್ಭಗಳು ಸುಮಾರು ಮೂರು ಪಟ್ಟು ಹೆಚ್ಚಿದುವೆಂದೂ ಅದೇ ಅಧ್ಯಯನ ತೋರಿಸಿತು.

ಪಿಕಪ್ ಅವರ ವ್ಯಕ್ತಿತ್ವ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತಾವೇ ಬೆಳೆಸಿದ ವಿಧಾನವನ್ನು ಹೊಗಳುತ್ತ ಕೂರದೆ, ಅವರು ಅದನ್ನು ತಕ್ಕಡಿಗೆ ಹಾಕಿದರು. 2002ರಲ್ಲಿ ಸಹೋದ್ಯೋಗಿಗಳೊಡನೆ 12 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪಂಪು ಬಳಸಿದವರಲ್ಲಿ ಸಕ್ಕರೆಯ ಹತೋಟಿ ಚುಚ್ಚುಮದ್ದಿನವರಿಗಿಂತ ಉತ್ತಮವಾಗಿತ್ತು. ಅವರಿಗೆ ಬೇಕಾದ ಇನ್ಸುಲಿನ್ ಶೇಕಡಾ 14ರಷ್ಟು ಕಡಿಮೆಯಾಗಿತ್ತು. 2008ರಲ್ಲಿ 22 ಅಧ್ಯಯನಗಳನ್ನು ಪರಿಶೀಲಿಸಿದಾಗ, ಇನ್ನೊಬ್ಬರ ನೆರವಿಲ್ಲದೆ ಚೇತರಿಸಿಕೊಳ್ಳಲಾಗದಷ್ಟು ಸಕ್ಕರೆ ಕುಸಿಯುವ ಪ್ರಸಂಗಗಳು ಚುಚ್ಚುಮದ್ದಿನಲ್ಲಿ ಪಂಪಿನದಕ್ಕಿಂತ ಸುಮಾರು ನಾಲ್ಕು ಪಟ್ಟಿದ್ದುವೆಂದು ತಿಳಿದುಬಂತು. ಇದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಚುಚ್ಚುಮದ್ದಿನಿಂದ ಅತಿ ಹೆಚ್ಚು ತೊಂದರೆಪಟ್ಟವರಿಗೇ ಪಂಪಿನಿಂದ ಅತಿ ಹೆಚ್ಚು ಪ್ರಯೋಜನವಾಗಿತ್ತು. ಯಂತ್ರವು ಎಲ್ಲರಿಗೂ ಸಮನಾಗಿ ಬೇಕಾದುದಲ್ಲ. ಯಾರಿಗೆ ನಿಜವಾಗಿ ಬೇಕೆಂಬುದನ್ನು ಗುರುತಿಸಿ ಕೊಡಬೇಕಾದುದು ಎಂಬ ತೀರ್ಮಾನಕ್ಕೆ ಇದು ಆಧಾರವಾಯಿತು.

ಪಂಪಿಗೆ ಕಣ್ಣು ಕೊಡುವ ಕೆಲಸವನ್ನೂ ಅವರು ಬಿಡಲಿಲ್ಲ. ಚರ್ಮದಡಿಯಲ್ಲಿದ್ದು ಗ್ಲೂಕೋಸನ್ನು ಅಳೆಯುವ ಸಂವೇದಕಗಳ ಮೇಲೆ 1980ರ ದಶಕದಿಂದಲೇ ಪ್ರಯೋಗ ನಡೆಸಿದರು. ಇಂಥ ಸಂವೇದಕಗಳನ್ನು ಕುರಿತು 2011ರಲ್ಲಿ ನಡೆಸಿದ ಪರಿಶೀಲನೆಯಲ್ಲಿ, ಅವನ್ನು ಹೆಚ್ಚು ದಿನ ಧರಿಸಿದವರಿಗೆ ಹೆಚ್ಚಿನ ಲಾಭವೆಂದು ಕಂಡುಬಂತು. ಸಂವೇದಕದ ಸೂಚನೆಯಂತೆ ನಿಧಾನಗತಿಯನ್ನು ತಾನೇ ಹೊಂದಿಸಿಕೊಳ್ಳುವ ಪಂಪಿಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಊಟದ ಲೆಕ್ಕವನ್ನು ಮಾತ್ರ ಅದೂ ರೋಗಿಯನ್ನೇ ಕೇಳುತ್ತಿತ್ತು.

ಮಧುಮೇಹವನ್ನು ಈ ಯಂತ್ರಗಳು ಗುಣಪಡಿಸುವುದಿಲ್ಲ. ಮಗುವಿನ ಸಕ್ಕರೆ ಎಲ್ಲಿ ಕುಸಿದೀತೋ ಎಂದು ನಡುರಾತ್ರಿ ಎದ್ದು ಕುಳಿತುಕೊಳ್ಳುವ ತಾಯಿಯ ಹೊರೆಯನ್ನು ಅವು ಒಂದಿಷ್ಟು ತಮ್ಮ ಮೇಲೆ ಹೊತ್ತುಕೊಳ್ಳುತ್ತವೆ. ಆ ಹೊರೆ ಎಷ್ಟು ಇಳಿಯಿತು, ಯಾರಿಗೆ ಇಳಿಯಿತು ಎಂದು ಪಿಕಪ್ ಕೊನೆಯವರೆಗೂ ಲೆಕ್ಕವಿಟ್ಟು ನೋಡಿದರು. ಅವರ ದುಡಿಮೆಯಲ್ಲಿ ಪಂಪಿನಷ್ಟೇ ಬೆಲೆ ಈ ಲೆಕ್ಕಕ್ಕೂ ಉಂಟು.